ತುರ್ತು: ಬ್ರಾಕೆಟ್ಟಿನೊಳಗಿನ ಕ್ಸೆನಾನ್‌ಗೆ ಏನನ್ನೋಣ?

ತುಮಕೂರಿನಿಂದ:
ಎಲ್ಲರಿಗೂ ನಮಸ್ಕಾರ. ಪಿಯು ಕಾಲೇಜಿನ ಲ್ಯಾಬ್ ಗೋಡೆಗೆ ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ಚಿನ್ನ, ಸೀಸ, ಯುರೇನಿಯಂ, ಈ ಮೂರರ ಎಲೆಕ್ಟ್ರಾನ್ ವಿನ್ಯಾಸ, ಅಂದರೆ ಪರಮಾಣುವಿನ ಯಾವ ಮನೆಯಲ್ಲಿ ಎಷ್ಟು ಎಲೆಕ್ಟ್ರಾನ್ ಅನ್ನುವ ಲೆಕ್ಕ. ಚಿನ್ನದ 79 ಎಲೆಕ್ಟ್ರಾನುಗಳನ್ನೂ ತೀರಾ ಒಳಗಿನ ಮನೆಯಾದ 1ಎಸ್‌ನಿಂದ ಬರೆಯುತ್ತಾ ಹೋದರೆ ಸಾಲು ಗೋಡೆ ದಾಟುತ್ತದೆ. ಅದಕ್ಕೇ ಮೊದಲ 54ನ್ನು, ಕ್ಸೆನಾನಿನಲ್ಲೂ ಅಷ್ಟೇ ಇರುವುದರಿಂದ, ಅದರ ಹೆಸರಲ್ಲಿ ಬ್ರಾಕೆಟ್ಟಿಗೆ ಹಾಕಿ, ಮಿಕ್ಕ 25ನ್ನು ಬಿಡಿಸಿ ಬರೆದಿದ್ದೇನೆ:

[ಕ್ಸೆನಾನ್] 4ಎಫ್¹⁴ 5ಡಿ¹⁰ 6ಎಸ್¹

ಬ್ರಾಕೆಟ್ಟಿಗೆ ಬಾಣ ಹಾಕಿ ಅದರ ಹೆಸರು ಬರೆಯಬೇಕು. ಕ್ಸೆನಾನ್ ಯಾರ ಜೊತೆಗೂ ಸುಲಭಕ್ಕೆ ಸೇರದ ಅನಿಲ, ಅದಕ್ಕೆ ‘ಜಡಾನಿಲ ಗರ್ಭ’ ಅಂತ ಬರೆದಿದ್ದೆ. ಮಕ್ಕಳು ನಕ್ಕರು. ನಾಳೆ ಹತ್ತು ಗಂಟೆಗೆ ಫೈಲ್ ಕೊಡಬೇಕು.

ಶಿರಸಿಯಿಂದ:
ತಿರುಳು. ಇದಕ್ಕೂ ಚರ್ಚೆ ಬೇಕಾ? ಮಾವಿನಹಣ್ಣು ನೋಡಿ. ನಡುವೆ ಗೊರಟು, ಅದು ಬೀಜಕೇಂದ್ರ. ಸುತ್ತ ತಿರುಳು. ಹೊರಗೆ ಸಿಪ್ಪೆ. ಪಕ್ಕದ ಪರಮಾಣುವಿನ ಜೊತೆ ಕೊಡುಕೊಳ್ಳುವುದೆಲ್ಲ ಸಿಪ್ಪೆಯ ಕೆಲಸ.

ಮೈಸೂರಿನಿಂದ:
ನಾವು ಓಟೆ ಅಂತೀವಿ, ಇರಲಿ. ಆದರೆ ಹೋಲಿಕೆ ಸೋರುತ್ತದೆ. 4ಎಫ್‌ನ 14 ಬ್ರಾಕೆಟ್ಟಿನ ಹೊರಗಿವೆ, ಹಾಗಂತ ಸಿಪ್ಪೆಯಲ್ಲ. ಒಳಗೇ ಹುದುಗಿವೆ. ಸೀಸದಲ್ಲಂತೂ 5ಡಿ¹⁰ ಕೂಡ ಒಳಗಿನ ಲೆಕ್ಕವೇ. ಹೊರಗಿನ ವ್ಯವಹಾರಕ್ಕೆ ಉಳಿಯುವುದು 6ಎಸ್² 6ಪಿ², ನಾಲ್ಕೇ ನಾಲ್ಕು.
ಇನ್ನು ‘ಜಡಾನಿಲ’ ಬಿಟ್ಟುಬಿಡಿ. 1962ರಲ್ಲಿ ನೀಲ್ ಬಾರ್ಟ್ಲೆಟ್ ಇದೇ ಕ್ಸೆನಾನನ್ನು ಪ್ಲಾಟಿನಂ ಹೆಕ್ಸಾಫ್ಲೋರೈಡ್ ಜೊತೆ ಸೇರಿಸಿ ಸಂಯುಕ್ತ ಮಾಡಿ ತೋರಿಸಿದ್ದಾರೆ. ಎಲ್ಲಿದೆ ಜಡ? ಶ್ರೇಷ್ಠಾನಿಲ ಅನ್ನಿ.

ಧಾರವಾಡದಿಂದ:
ಅದೇ ಜಾತಿಯ ಇನ್ನೊಂದು ಅನಿಲ ಆರ್ಗಾನ್, ಅಂದರೆ ಗ್ರೀಕಿನಲ್ಲಿ ಸೋಮಾರಿ. ಕ್ಸೆನಾನ್ ಅಂದರೆ ಪರದೇಶಿ. ಅವರೇ ಹೆಸರು ಬದಲಿಸಿಲ್ಲ, ನಮಗೇಕೆ ಉಸಾಬರಿ? ‘ಅನಿಲ’ ಅಂದರೂ ಮೊದಲು ಬರೀ ಗಾಳಿಯೇ, ವಾಯುದೇವರ ಹೆಸರು. ಗ್ಯಾಸ್ ಅನ್ನುವ ಅರ್ಥ ನಾವು ಹೊರಿಸಿದ್ದು. ಪದ ಭಾರ ಹೊರುತ್ತದೆ, ಸುಮ್ನೆ ಹೊರಲು ಬಿಡಿ.

ಶಿರಸಿಯಿಂದ:
ಶ್ರೇಷ್ಠವೂ ಸಂಸ್ಕೃತ, ಜಡವೂ ಸಂಸ್ಕೃತ. ‘ಸೋಮಾರಿಗಾಳಿ’ ಅನ್ನಲು ನಾಚಿಕೆಯಾ? ಎಲೆಕ್ಟ್ರಾನಿಗೂ ‘ಕಳೆವಣಿ’ ಅಂತ ಒಳ್ಳೆಯ ಪದ ಮಾಡಿಕೊಳ್ಳಬಹುದು. ಕಳೆ ಅಂದರೆ ಮೈನಸ್, ಅಷ್ಟೇ.

ಮೈಸೂರಿನಿಂದ:
ಕರೆಂಟ್ ಹೋದಾಗ ನಿಮ್ಮ ಮನೆಯಲ್ಲಿ ಏನಂತಾರೆ ಸ್ವಾಮಿ?

ಶಿರಸಿಯಿಂದ:
ಕರೆಂಟ್ ಹೋಯ್ತು ಅಂತಾರೆ. ಅದೇ ನನ್ನ ಸಂಕಟ.

ಧಾರವಾಡದಿಂದ:
‘ಮೈನಸ್’ ಯಾವ ಊರಿನ ಕನ್ನಡ? ಕಚೇರಿ, ಅರ್ಜಿ, ಜಮೀನು ಎಲ್ಲ ವಾಪಸ್ ಕೊಟ್ಟು ಬನ್ನಿ, ಆಮೇಲೆ ಮಾತಾಡೋಣ. ಅಯ್ಯೋ, ‘ವಾಪಸ್’ ಕೂಡ ಹೋಯಿತು.

ತುಮಕೂರಿನಿಂದ:
ಫೈಲ್ ಕೊಟ್ಟು ಬಂದೆ. ಜಡವೂ ಬೇಡ, ಶ್ರೇಷ್ಠವೂ ಬೇಡ ಅಂತ ಚಿನ್ನಕ್ಕೂ ಸೀಸಕ್ಕೂ ‘ಕ್ಸೆನಾನ್ ತಿರುಳು, 54’, ಯುರೇನಿಯಂಗೆ ‘ರೇಡಾನ್ ತಿರುಳು, 86’ ಅಂತ ಹಾಕಿಸಿದೆ. 4ಎಫ್ ಎಲ್ಲಿರುತ್ತದೆ ಅಂತ ಪಾಠದಲ್ಲೇ ಹೇಳುತ್ತೇನೆ ಸರ್.
ಅಂಗಡಿಯ ಹುಡುಗ 14ನ್ನು ಎಫ್ ಪಕ್ಕದಲ್ಲೇ ಕೂರಿಸಿದ್ದ. ಸೂಪರ್‌ಸ್ಕ್ರಿಪ್ಟಿಗೆ ಕನ್ನಡ ಇಲ್ಲಿ ಕೇಳುವ ಧೈರ್ಯ ನನಗಿಲ್ಲ. ‘ತಲೆ ಮೇಲೆ ಚಿಕ್ಕದಾಗಿ ಹಾಕಪ್ಪ’ ಅಂದೆ. ಹಾಕಿದ.