ತಬ್ಬಿದರೆ ಸಿಗದ 'ನೆರಳು': ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಕೆಲವು ವಾರಗಳಿಂದ ಒದ್ದಾಡುತ್ತಿದ್ದೇನೆ. ಪಶ್ಚಿಮದ ಹಳೆಯ ಕಾವ್ಯಗಳಲ್ಲಿ ಸತ್ತವರ ಲೋಕಕ್ಕೆ ಹೋದವನಿಗೆ ಎದುರಾಗುವವರನ್ನು ಲ್ಯಾಟಿನ್ನಿನಲ್ಲಿ 'ಉಂಬ್ರಾ' ಅನ್ನುತ್ತಾರೆ, ಇಟಾಲಿಯನ್ನಿನಲ್ಲಿ 'ಓಂಬ್ರಾ'. ಎರಡಕ್ಕೂ ನೇರ ಅರ್ಥ ನೆರಳು. ಇಂಗ್ಲಿಷಿನವರು 'ಶೇಡ್' ಅಂದುಕೊಂಡರು. ನಾವು ಏನನ್ನಬೇಕು?

ಗ್ರೀಕ್ ಕವಿ ಹೋಮರನ 'ಒಡಿಸ್ಸಿ'ಯ 11ನೇ ಭಾಗ ನೋಡಿ. ಸತ್ತವರನ್ನು ಕಾಣಲು ಹೋದ ಕಥಾನಾಯಕ ಒಡಿಸ್ಯೂಸ್ ಒಂದು ಮೊಳದ ಗುಂಡಿ ತೋಡುತ್ತಾನೆ. ಹಾಲು-ಜೇನು, ದ್ರಾಕ್ಷಾರಸ, ನೀರು ಎರೆದು ಬಾರ್ಲಿ ಹಿಟ್ಟು ಚೆಲ್ಲುತ್ತಾನೆ. ನಮ್ಮ ತರ್ಪಣ ನೆನಪಾಗುತ್ತದೆ, ಅಲ್ವಾ? ಆಮೇಲೆ ಕುರಿ ಕಡಿದು ರಕ್ತ ಹರಿಸುತ್ತಾನೆ. ಸತ್ತವರು ಗುಂಪುಗುಂಪಾಗಿ ಬರುತ್ತಾರೆ. ಅವನ ತಾಯಿ ಆಂಟಿಕ್ಲಿಯಾ ಅಲ್ಲೇ ಸುಮ್ಮನೆ ಕೂತಿರುತ್ತಾಳೆ. ಮಗನ ಮುಖವನ್ನೂ ನೋಡುವುದಿಲ್ಲ. ರಕ್ತ ಕುಡಿದ ಮೇಲೇ ಗುರುತು, ಮಾತು. ಅವನು ಮೂರು ಸಲ ತಬ್ಬಲು ಹೋಗುತ್ತಾನೆ. ಮೂರು ಸಲವೂ ನೆರಳಿನ ಹಾಗೆ, ಕನಸಿನ ಹಾಗೆ ಕೈಯಿಂದ ಜಾರುತ್ತಾಳೆ.

ಇಲ್ಲಿ 'ಆತ್ಮ' ಅನ್ನಲು ನನಗೆ ಮನಸ್ಸು ಬರುತ್ತಿಲ್ಲ. ನಮ್ಮ ಆತ್ಮಕ್ಕೆ ಹಸಿವಿಲ್ಲ, ಸುಸ್ತಿಲ್ಲ. ಕತ್ತಿ ತಾಗದು, ಬೆಂಕಿ ಸುಡದು. ಹೋಮರನ ಸತ್ತವರೋ ತೀರಾ ನಿತ್ರಾಣರು. 'ದೆವ್ವ' ಅಂದರೆ ಓದುವವರಿಗೆ ಹೆದರಿಕೆ ಆಗುತ್ತದೆ. ಅಲ್ಲಿ ಬರಬೇಕಾದದ್ದು ಅಳು. 'ಪ್ರೇತ' ಸ್ವಲ್ಪ ಹತ್ತಿರ. ಆದರೆ ನಮ್ಮಲ್ಲಿ ಅದು ಸಪಿಂಡೀಕರಣದ (ಸತ್ತವರನ್ನು ಪಿತೃಗಳ ಜೊತೆ ಸೇರಿಸುವ ಕ್ರಿಯೆ) ತನಕದ ಸ್ಥಿತಿ, ಆಮೇಲೆ ಪಿತೃಗಳ ಸಾಲು. ಆಂಟಿಕ್ಲಿಯಾಗೆ ದಾಟುವ ಜಾಗವೇ ಇಲ್ಲ. ತುಳುನಾಡಿನ 'ಕುಲೆ' ನನಗೆ ಬಹಳ ಇಷ್ಟವಾದ ಪದ. ಮನೆಯವರು ಅಕ್ಕರೆಯಿಂದ ಬಡಿಸುವ, ಬಂದು ಉಣ್ಣುವ ಸತ್ತವರು. ಹೋಮರನಿಗೆ ಚೆನ್ನಾಗಿ ಒಪ್ಪುತ್ತದೆ. ಇಟಾಲಿಯನ್ ಕವಿ ಡಾಂಟೆಗೆ ಒಪ್ಪುವುದಿಲ್ಲ.

ಲ್ಯಾಟಿನ್ ಕವಿ ವರ್ಜಿಲ್‌ನ 'ಈನಿಯಡ್'ನಲ್ಲೂ ಇದೇ ಮೂರು ಸಲದ ಅಪ್ಪುಗೆ, ಅಲ್ಲಿ ಮಗ ಮತ್ತು ತಂದೆ.

ನಿಜವಾದ ತೊಡಕು ಡಾಂಟೆಯದು. 'ಡಿವೈನ್ ಕಾಮಿಡಿ' ಕಾವ್ಯದಲ್ಲಿ ಅವನು ಬದುಕಿರುವಾಗಲೇ ಮಾಡುವ ಪರಲೋಕ ಯಾತ್ರೆ ನಡೆಯುವುದು 1300ರಲ್ಲಿ. ಪಾಪ ತೊಳೆಯುವ ಬೆಟ್ಟದ ಬುಡದಲ್ಲಿ ಸತ್ತುಹೋದ ಗೆಳೆಯ ಕಸೆಲ್ಲಾ ಸಿಗುತ್ತಾನೆ, ಹಾಡುಗಾರ. ಡಾಂಟೆ ಮೂರು ಸಲ ತಬ್ಬಿದರೂ ಕೈಗಳು ತನ್ನ ಎದೆಗೇ ವಾಪಸು ಬರುತ್ತವೆ. ಮುಂದಿನ ಸರ್ಗದಲ್ಲೇ ಬೆನ್ನಿಗೆ ಸೂರ್ಯ. ನೆಲದ ಮೇಲೆ ತನ್ನದೊಂದೇ ನೆರಳು ಕಂಡು, ದಾರಿ ತೋರಿಸುತ್ತ ಜೊತೆಗಿದ್ದ ವರ್ಜಿಲ್ (ಅದೇ ಕವಿ, ಸತ್ತವನು) ತನ್ನನ್ನು ಬಿಟ್ಟುಹೋದನೇನೋ ಅಂತ ಡಾಂಟೆ ಗಾಬರಿಯಾಗುತ್ತಾನೆ. ಬಿಟ್ಟುಹೋಗಿಲ್ಲ, ಪಕ್ಕದಲ್ಲೇ ಇದ್ದಾನೆ. ನೆರಳು ಬೀಳಿಸುತ್ತಿದ್ದ ನನ್ನ ದೇಹ ನೇಪಲ್ಸ್‌ನಲ್ಲಿದೆ ಅನ್ನುತ್ತಾನೆ. ಮುಂದೆ ಎದುರಾಗುವ ಒಂದು ಗುಂಪು ಡಾಂಟೆಯ ಮೈ ಬಿಸಿಲನ್ನು ತಡೆಯುವುದನ್ನು ನೋಡಿ, ಹಾಡುತ್ತಿದ್ದುದನ್ನು ನಿಲ್ಲಿಸಿ 'ಓ' ಅಂತ ಉದ್ದನೆಯ ಉದ್ಗಾರ ತೆಗೆಯುತ್ತದೆ. ಇಟಾಲಿಯನ್ನಿನಲ್ಲಿ ಸತ್ತವನೂ 'ಓಂಬ್ರಾ', ನೆಲಕ್ಕೆ ಬೀಳುವುದೂ 'ಓಂಬ್ರಾ'. ನೆರಳಿಗೆ ನೆರಳಿಲ್ಲ. ಈ ಒಂದು ಪದದ ಮೇಲೇ ಇಡೀ ಭಾಗ ನಿಂತಿದೆ. 'ಆತ್ಮ' ಹಾಕಿದರೆ ಅದು ಪೂರ್ತಿ ಕಳೆದುಹೋಗುತ್ತದೆ.

ಹಾಗಂತ ಸೀದಾ 'ನೆರಳು' ಅನ್ನೋಣವೇ? ಕನ್ನಡದಲ್ಲಿ ನೆರಳು ತಂಪಿನದು, ಆಸರೆಯದು. 'ಅಪ್ಪನ ನೆರಳಲ್ಲಿ ಬೆಳೆದೆ' ಅನ್ನುತ್ತೇವೆ. 'ಕಸೆಲ್ಲಾನ ನೆರಳು ನಕ್ಕಿತು' ಅಂತ ಬರೆದು ನೋಡಿದೆ, ಕಿವಿಗೆ ಹಿಡಿಸಲಿಲ್ಲ. 'ಛಾಯೆ' ಅಂದರೆ ಫೋಟೋ, ಬಣ್ಣದ ಕಡೆಗೆ ಜಾಸ್ತಿ ಎಳೆಯುತ್ತದೆ.

ಸದ್ಯಕ್ಕೆ ನನಗೆ ಹೊಳೆದದ್ದು ಹಳಗನ್ನಡದ 'ನೆಳಲ್'. ಸತ್ತವರಿಗೆ 'ನೆಳಲು', ನೆಲದ ಮೇಲೆ ಬೀಳುವುದಕ್ಕೆ 'ನೆರಳು'. ಒಂದೇ ಬೇರಿನ ಪದಗಳು, ಆದ್ದರಿಂದ ಡಾಂಟೆಯ ನಂಟು ಕಿವಿಗೆ ಸಿಗುತ್ತದೆ, ಗೊಂದಲವೂ ಆಗುವುದಿಲ್ಲ. 'ಕಸೆಲ್ಲಾನ ನೆಳಲು ನಕ್ಕು ಹಿಂದೆ ಸರಿಯಿತು.' ಇದು ನನಗೆ ಹಿಡಿಸಿತು. ಆದರೆ 'ಸರಿಯಿತು' ಅನ್ನಲೋ 'ಸರಿದನು' ಅನ್ನಲೋ? ಗೆಳೆಯನನ್ನು ನಪುಂಸಕಲಿಂಗದಲ್ಲಿ ಕರೆಯಲು ಕೈ ಬರುತ್ತಿಲ್ಲ.

ನಿಮ್ಮ ಊರಲ್ಲಿ, ಮನೆಯಲ್ಲಿ, ಸತ್ತ ನಮ್ಮವರ ಬಗ್ಗೆ ಹೆದರಿಕೆಯಿಲ್ಲದೆ ಹೇಳುವ ಪದ ಯಾವುದಾದರೂ ಇದೆಯೇ? ಎಡೆ ಇಡುವಾಗ 'ಹಿರಿಯರು' ಅನ್ನುವುದು ಗೊತ್ತು. ಆದರೆ ಕಸೆಲ್ಲಾನಂಥ ಗೆಳೆಯನಿಗೆ?