ಎತ್ತರದ ಪಿಕಪ್ ಹಿಂದೆ ಕುದುರೆ ಟ್ರೇಲರ್ ಮೂತಿ ಎತ್ತಿಕೊಳ್ಳುತ್ತಿದೆ, ಏನು ಮಾಡಲಿ?

ಪ್ರಶ್ನೆ (ಯಲಹಂಕ): ಎರಡು ಕುದುರೆಯ ಟ್ರೇಲರ್, ಎರಡು ಆಕ್ಸಲ್, ರಬ್ಬರ್ ಟಾರ್ಷನ್ ಸಸ್ಪೆನ್ಷನ್ (ಆಕ್ಸಲ್ ಒಳಗಿನ ರಬ್ಬರೇ ಸ್ಪ್ರಿಂಗ್ ಕೆಲಸ ಮಾಡುವುದು), ಓವರ್‌ರನ್ ಬ್ರೇಕ್ (ಎಳೆಯುವ ಗಾಡಿ ನಿಧಾನವಾದಾಗ ಟ್ರೇಲರಿನ ತಳ್ಳುವಿಕೆಯಿಂದಲೇ ಹಿಡಿಯುವುದು), 50 ಎಂಎಂ ಬಾಲ್ (ಟ್ರೇಲರ್ ಮೂತಿ ಕೂರುವ ಗುಂಡು). ಮೊದಲು ತಗ್ಗಿನ ಎಸ್‌ಯುವಿ ಎಳೆಯುತ್ತಿತ್ತು, ಈಗ ಫೋರ್ ಬೈ ಫೋರ್ ಪಿಕಪ್. ಬಾಲ್‌ನ ನಡುಮಟ್ಟ ನೆಲದಿಂದ 560 ಎಂಎಂ. ಜೋಡಿಸಿದರೆ ಮೂತಿ ಮೇಲೆದ್ದು ಹಿಂಭಾಗ ಹಂಪ್‌ಗೆ ಉಜ್ಜುತ್ತದೆ. ಆಕ್ಸಲ್‌ಗೆ ಬ್ಲಾಕ್ ಕೊಟ್ಟು ಟ್ರೇಲರನ್ನೇ ಎತ್ತರಿಸಬಹುದೇ? ಕುಣಿಗಲ್‌ವರೆಗೆ ಹೋಗಿಬರಬೇಕು.

ಉತ್ತರ (ಟ್ರೇಲರ್ ಫಿಟ್ಟರ್): ಟ್ರೇಲರ್ ಎತ್ತಬೇಡಿ, ಬಾಲ್ ಇಳಿಸಿ. ಕುದುರೆ ನಿಂತೇ ಪ್ರಯಾಣಿಸುವ ಭಾರ, ಅದರ ತೂಕದ ಕೇಂದ್ರ ಮೊದಲೇ ಮೇಲಿರುತ್ತದೆ. ಬ್ಲಾಕ್ ಕೊಟ್ಟರೆ ಅದು ಇನ್ನೂ ಮೇಲೇರಿ ತಿರುವಿನಲ್ಲಿ ಓಲಾಡುತ್ತದೆ, ರ‍್ಯಾಂಪ್ ಕೂಡ ಕಡಿದಾಗುತ್ತದೆ.

ಯುರೋಪಿನ ನಿಯಮದಲ್ಲಿ ಭಾರ ತುಂಬಿದ ಕಾರಿನ ಬಾಲ್ ನಡುಮಟ್ಟ 350ರಿಂದ 420 ಎಂಎಂ ಒಳಗಿರಬೇಕು. ಆಫ್‌ರೋಡ್ ವಾಹನಗಳಿಗೆ ವಿನಾಯಿತಿ ಇದೆ. 50 ಎಂಎಂ ಕಪ್ಲರ್‌ನ (ಬಾಲ್ ಮೇಲೆ ಕೂರುವ ಮೂತಿಯ ಹಿಡಿ) ಟ್ರೇಲರ್‌ಗಳು ಸಾಮಾನ್ಯವಾಗಿ ಈ ಲೆಕ್ಕಕ್ಕೇ ತಯಾರಾಗಿರುತ್ತವೆ.

ನಿಮ್ಮದು ಟಾರ್ಷನ್ ಆದ್ದರಿಂದ ವಿಷಯ ಇನ್ನೂ ಗಂಭೀರ. ಎಲೆ ಸ್ಪ್ರಿಂಗ್ ಮಧ್ಯೆ ಈಕ್ವಲೈಸರ್ ಇದ್ದರೆ ಎರಡು ಆಕ್ಸಲ್‌ಗಳೂ ಭಾರ ಹಂಚಿಕೊಳ್ಳುತ್ತವೆ. ಟಾರ್ಷನ್‌ನಲ್ಲಿ ಆ ಹಂಚಿಕೆ ಇಲ್ಲ. ಮೂತಿ ಎದ್ದರೆ ಹಿಂದಿನ ಟೈರ್‌ಗಳು ಹೆಚ್ಚು ಭಾರ ಹೊತ್ತು ಬಿಸಿಯಾಗುತ್ತವೆ, ಹಗುರಾದ ಮುಂದಿನ ಚಕ್ರಗಳು ಬ್ರೇಕ್ ಹಿಡಿದಾಗ ಬೇಗ ಲಾಕ್ ಆಗುತ್ತವೆ. ಓವರ್‌ರನ್ ಬ್ರೇಕ್‌ನ ಜಾರುವ ಶಾಫ್ಟ್ ಕೂಡ ಅಡ್ಡಮಟ್ಟದಲ್ಲಿದ್ದರೇ ಸರಿಯಾಗಿ ತಳ್ಳುತ್ತದೆ.

ಅಳೆಯುವುದು ಹೀಗೆ. ಟ್ರೇಲರ್ ಬಿಚ್ಚಿ ಸಮನೆಲದ ಮೇಲೆ ನಿಲ್ಲಿಸಿ; ನೆಲ ಸಮವೇ ಎಂದು ಗಾರೆ ಕೆಲಸದವರ ಟ್ಯೂಬ್ ಲೆವೆಲ್‌ನಿಂದ ನೋಡಿಬಿಡಿ, ಕಣ್ಣಂದಾಜು ನಂಬಬೇಡಿ. ಟೈರ್ ಗಾಳಿ ತಣ್ಣಗಿದ್ದಾಗ ಸರಿಪಡಿಸಿ. ಮೂತಿಯಡಿಯ ಜಾಕಿ ವೀಲ್ ತಿರುಗಿಸಿ ಚಾಸಿಸ್ ಮುಂದೆ ಹಿಂದೆ ಒಂದೇ ಎತ್ತರಕ್ಕೆ ತಂದು, ಕಪ್ಲರ್ ಗುಂಡಿಯ ನಡುಮಟ್ಟ ಅಳೆಯಿರಿ. 440 ಬಂತು ಅಂದುಕೊಳ್ಳಿ. ಪಿಕಪ್‌ಗೆ ಡೀಸೆಲ್, ಜನ, ಜೀನು ಸಾಮಾನು ಎಲ್ಲ ತುಂಬಿ, ಬಾಲ್ ಮೇಲೆ ಟ್ರೇಲರಿನ ಮೂತಿ ಭಾರಕ್ಕೆ ಸಮನಾದ ತೂಕ ಇಟ್ಟು ಮತ್ತೆ ಅಳೆಯಿರಿ. 560 ಇದ್ದದ್ದು 540ಕ್ಕೆ ಕುಸಿದರೆ ಬಾಲ್ ಈಗಿರುವುದಕ್ಕಿಂತ 100 ಎಂಎಂ ಇಳಿಯಬೇಕು.

ರಂಧ್ರಗಳ ಸಾಲಿರುವ ಅಡ್ಜಸ್ಟಬಲ್ ಡ್ರಾಪ್ ಮೌಂಟ್ (ಬಾಲನ್ನು ತಗ್ಗಿಸಿ ಹಿಡಿಯುವ ಕಂಬ) ತೆಗೆದುಕೊಳ್ಳಿ. ಕುದುರೆ ಹತ್ತಿದ ಮೇಲೆ ಟ್ರೇಲರ್ ಕೂಡ ಕುಸಿಯುತ್ತದಲ್ಲ, ಹಾಗಾಗಿ ಭಾರ ತುಂಬಿ ಚಾಸಿಸ್ ಮತ್ತೊಮ್ಮೆ ಅಳೆದು ಒಂದು ರಂಧ್ರ ಆಚೀಚೆ ಮಾಡಬೇಕಾಗುತ್ತದೆ. ಸಮಮಟ್ಟ ಒಳ್ಳೆಯದು, ಮೂತಿ ಒಂದೆರಡು ಸೆಂಟಿಮೀಟರ್ ತಗ್ಗಿದ್ದರೂ ನಡೆಯುತ್ತದೆ, ಮೇಲಿರುವುದು ಮಾತ್ರ ಬೇಡ.

ಟೋಬಾರಿನ (ಪಿಕಪ್ ಹಿಂದಿನ ಎಳೆಯುವ ಕಂಬಿ) ಪ್ಲೇಟಿನಲ್ಲಿ ಎಸ್ ಎಂದು ಬರೆದಿರುವುದು ಬಾಲ್ ಹೊರಬಹುದಾದ ಕೆಳಮುಖ ಭಾರ, ಡಿ ಎಂದಿರುವುದು ಎಳೆತದ ಮಿತಿ. ಎರಡನ್ನೂ ಮೀರಬಾರದು. ಡ್ರಾಪ್ ಉದ್ದವಾದಷ್ಟೂ ಬ್ರೇಕ್ ಹಿಡಿದಾಗ ರಿಸೀವರ್ (ಮೌಂಟ್ ತೂರಿಸುವ ಕೊಳವೆ) ಮೇಲಿನ ತಿರುಚು ಹೆಚ್ಚುತ್ತದೆ. ದಯವಿಟ್ಟು ಪಕ್ಕದ ವೆಲ್ಡಿಂಗ್ ಶಾಪಿನಲ್ಲಿ ಪ್ಲೇಟ್ ಕತ್ತರಿಸಿ ಮಾಡಿಸಬೇಡಿ.

ಪ್ರಶ್ನೆ (ಹೆಸರಘಟ್ಟ): ಪಿಕಪ್‌ನ ಹಿಂದಿನ ಎಲೆ ಸ್ಪ್ರಿಂಗ್‌ನಲ್ಲಿ ಒಂದು ಎಲೆ ತೆಗೆಸಿದರೆ ಸಾಲದೇ?

ಉತ್ತರ (ಟ್ರೇಲರ್ ಫಿಟ್ಟರ್): ಸಾಲದು, ಅಪಾಯ ಕೂಡ. ಭಾರ ಬಿದ್ದಾಗ ಹಿಂಭಾಗ ಕುಸಿದು ಮುಂಭಾಗ ಏಳುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಉತ್ತರ (ಕುದುರೆ ವೈದ್ಯೆ): ಕುದುರೆಯ ದೃಷ್ಟಿಯಿಂದ ಒಂದು ಮಾತು. ನಿಂತಾಗ ಅದರ ತೂಕದ ಸುಮಾರು 60 ಶೇಕಡಾ ಮುಂಗಾಲುಗಳ ಮೇಲಿರುತ್ತದೆ. ನೆಲ ಹಿಂದಕ್ಕೆ ಇಳಿಜಾರಾದರೆ ದಾರಿಯುದ್ದಕ್ಕೂ ಹಿಂಗಾಲು ಬಿಗಿದು ನಿಲ್ಲಬೇಕು, ದಣಿಯುತ್ತದೆ. ಇಳಿಯುವಾಗ ಹಿಂಗಾಲು ನಡುಗುತ್ತಿದ್ದರೆ ಮಟ್ಟವನ್ನೂ ಪರೀಕ್ಷಿಸಿ. ಒಂದೇ ಕುದುರೆ ಒಯ್ಯುವುದಾದರೆ ಬಲಬದಿಯಲ್ಲಿ ನಿಲ್ಲಿಸಿ. ನಾವು ಎಡಕ್ಕೆ ಓಡಿಸುತ್ತೇವೆ, ರಸ್ತೆ ಅಂಚಿನ ಕಡೆ ಇಳಿದಿರುತ್ತದೆ. ಭಾರ ಎಡಕ್ಕಿದ್ದರೆ ಟ್ರೇಲರ್ ಆ ಕಡೆಗೇ ವಾಲುತ್ತದೆ.

ಪ್ರಶ್ನೆ (ಯಲಹಂಕ): ಬಾಲ್ ಇಳಿಸಿದ ಮೇಲೆ ಮೌಂಟೇ ಹಂಪ್‌ಗೆ ತಾಗುವುದಿಲ್ಲವೇ?

ಉತ್ತರ (ಟ್ರೇಲರ್ ಫಿಟ್ಟರ್): ಮೌಂಟಿನ ಕಂಬದ ತುದಿ ಬಾಲ್‌ಗಿಂತ ಕೆಳಗೆ ಜೋತಾಡುವ ಮಾದರಿಯಾದರೆ ತಾಗುತ್ತದೆ, ಅಂಥದ್ದನ್ನು ಕೊಳ್ಳಬೇಡಿ. ಟ್ರೇಲರ್ ಇಲ್ಲದಾಗ ಪಿನ್ ತೆಗೆದು ಮೌಂಟ್ ಕಳಚಿಡಿ. ಇಳಿಸಿದ ಮೇಲೆ ಬ್ರೇಕ್‌ಅವೇ ಕೇಬಲ್ (ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ಎಳೆಯುವುದು) ಮತ್ತು ಲೈಟ್ ವೈರಿಗೆ ಬೇಕಾಗುವ ಉದ್ದ ಬದಲಾಗುತ್ತದೆ. ಖಾಲಿ ಮೈದಾನದಲ್ಲಿ ಎರಡೂ ಕಡೆ ಪೂರ್ತಿ ಸ್ಟೀರಿಂಗ್ ತಿರುಗಿಸಿ ನೋಡಿ: ಕೇಬಲ್ ಬಿಗಿಯಬಾರದು, ನೆಲಕ್ಕೂ ತಾಗಬಾರದು. ಮೊದಲ ಓಡಾಟ ಮುಗಿದ ಕೂಡಲೇ ಬಾಲ್ ಬೋಲ್ಟ್‌ಗಳನ್ನು ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ವ್ರೆಂಚ್‌ನಿಂದ ಮತ್ತೆ ಪರೀಕ್ಷಿಸಿ.