ಅಪ್‌ಡೇಟ್: ಕರಗುವ ಮೆಶ್ ಸಾಕೇ?

ಹಳೆಯ ಆಪರೇಷನ್ ಗಾಯದಲ್ಲಿ ಏಳುವ ಹರ್ನಿಯಾಗೆ (ಹೊಟ್ಟೆಯ ಗೋಡೆ ಸಡಿಲಾಗಿ ಒಳಗಿನದು ಹೊರಗೆ ಉಬ್ಬುವುದು) ಕರಗದ ಪ್ಲಾಸ್ಟಿಕ್ ಆದ ಪಾಲಿಪ್ರೊಪಿಲೀನ್ ಬದಲು ದೇಹದಲ್ಲೇ ಕರಗುವ ಮೆಶ್ (ಆಧಾರಕ್ಕೆ ಹಾಕುವ ಬಲೆ) ಹಾಕಬಹುದೇ ಎಂದು ಕೇಳಿದ್ದೆ. ಉತ್ತರಗಳನ್ನು ಸೋಸಿದಾಗ ಉಳಿದದ್ದು ಇಷ್ಟು.

ಯಾವ ಮೆಶ್ ಎಂಬುದೇ ಮೊದಲ ಪ್ರಶ್ನೆ. ಬೇಗ ಕರಗುವ ಪಾಲಿಗ್ಲ್ಯಾಕ್ಟಿನ್ 910 ಮೆಶ್ ಎರಡು-ಮೂರು ತಿಂಗಳಲ್ಲಿ ಕರಗುತ್ತದೆ. ಅದರ ಬಲ ಕೆಲವೇ ವಾರಗಳಲ್ಲಿ ಕುಸಿಯುತ್ತದೆ, ಅಷ್ಟರಲ್ಲಿ ಹೊಸ ಕೊಲಾಜೆನ್ (ಗಾಯಕ್ಕೆ ಬಲ ಕೊಡುವ ನಾರು) ಬಲಿತಿರುವುದಿಲ್ಲ. ಅದು ತಾತ್ಕಾಲಿಕ ಮುಚ್ಚಳ, ರಿಪೇರಿಯಲ್ಲ. ಪಿ4ಎಚ್‌ಬಿ (ಪಾಲಿ-4-ಹೈಡ್ರಾಕ್ಸಿಬ್ಯೂಟಿರೇಟ್ ಎಂಬ ನಿಧಾನ ಕರಗುವ ವಸ್ತು) ಮೆಶ್ ಕರಗಲು 12ರಿಂದ 18 ತಿಂಗಳು ಬೇಕು. ಭಾರ ನಿಧಾನವಾಗಿ ಅಂಗಾಂಶಕ್ಕೆ ದಾಟುತ್ತದೆ.

ಎಡವುವುದು ಹೆಚ್ಚಾಗಿ ಇಲ್ಲಿ: ಫ್ಯಾಶಿಯಾದ (ಹೊಟ್ಟೆಯ ಗೋಡೆಯ ಗಟ್ಟಿ ಪದರದ) ಎರಡು ಅಂಚು ಕೂಡದಿದ್ದಾಗ ಮೆಶ್ಶನ್ನೇ ಸೇತುವೆಯಂತೆ ಹಾಸಿಬಿಡುವುದು. ಮೆಶ್ ಕರಗಿದ ಮೇಲೆ ಅಲ್ಲಿ ಉಳಿಯುವುದು ತೆಳು ಗಾಯದ ಪೊರೆ, ಅದು ಉಬ್ಬುತ್ತದೆ. ಅಂಚುಗಳನ್ನು ನಿಧಾನ ಕರಗುವ ದಾರದಲ್ಲಿ ಹೊಲಿದು, ರೆಕ್ಟಸ್ ಸ್ನಾಯುವಿನ (ಹೊಟ್ಟೆಯ ಮುಂಭಾಗದ ಉದ್ದ ಸ್ನಾಯು) ಹಿಂದೆ, ಎಲ್ಲ ಕಡೆ ಸುಮಾರು 5 ಸೆಂ.ಮೀ. ಚಾಚುವಂತೆ ಮೆಶ್ ಹಾಕಬೇಕು.

ಕರುಳು ತೆರೆದು ಸೋಂಕಿನ ಭಯವಿರುವ ಜಾಗದಲ್ಲಿ ನಿಧಾನ ಕರಗುವ ಈ ಮೆಶ್ಶನ್ನು ಪರಿಗಣಿಸಬಹುದು. ಶುದ್ಧ ಆಪರೇಷನ್ನಿಗೆ, ತೊಡೆಸಂದಿನ ಹರ್ನಿಯಾಗಂತೂ, ಶಾಶ್ವತ ಮೆಶ್ಶೇ ಮೊದಲ ಆಯ್ಕೆ.

ಒಂದು ವರ್ಷದ ತಪಾಸಣೆ ಚೆನ್ನಾಗಿದ್ದರೆ ಬೀಗಬೇಡಿ. ಪಿ4ಎಚ್‌ಬಿ ಆಗಿನ್ನೂ ಪೂರ್ತಿ ಕರಗಿರುವುದಿಲ್ಲ. ಮೂರು ವರ್ಷವಾದರೂ ತೋರಿಸುತ್ತಿರಬೇಕು.